ಕಾರ್ಬೊರೇಟರ್ ಸ್ಕ್ರೂ ಬರ್ತಿಲ್ವಾ? ತಲೆ ಸವೆಯುವ ಮುಂಚೆ, ಸವೆದ ಮೇಲೆ ಏನು ಮಾಡಬೇಕು

ಹಳೆ ಬೈಕ್ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. "ಕಾರ್ಬೊರೇಟರ್ ಕ್ಲೀನ್ ಮಾಡೋಣ ಅಂತ ಬಿಚ್ಚೋಕೆ ಕೂತೆ. ಕೆಳಗಿನ ಬಟ್ಟಲಿಗೆ ನಾಲ್ಕು ಸ್ಕ್ರೂ. ಮೂರು ಬಂದ್ವು, ನಾಲ್ಕನೇದು ಬರ್ಲಿಲ್ಲ. ಜೋರು ಮಾಡಿದೆ, ತಲೆ ಸವೆದು ಗುಂಡಿ ಆಯ್ತು. ಈಗ ಏನ್ ಮಾಡ್ಲಿ?" ಬಳ್ಳಾರಿಯವರದೂ ಇದೇ ಮಾತು, ಸಿರುಗುಪ್ಪ, ಸಿಂಧನೂರು, ಗಂಗಾವತಿಯವರದೂ ಇದೇ ಮಾತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದರೆ ಕೆಲಸ ಕೆಡುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ. ಬಟ್ಟಲು ಅಂದರೆ ಅದರ ಕೆಳಗೆ ಪೆಟ್ರೋಲ್ ನಿಲ್ಲುವ ಭಾಗ.

2020ರ ಏಪ್ರಿಲ್ 1ಕ್ಕೆ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಆದರೆ ನಮ್ಮ ಕಡೆ ಗದ್ದೆಗೆ, ಸಂತೆಗೆ ಓಡುವ ಹಳೆ ಸ್ಪ್ಲೆಂಡರ್, ಪಲ್ಸರ್, ಬುಲೆಟ್, ಎಕ್ಸೆಲ್, ಜೋಪಾನವಾಗಿ ಉಳಿಸಿಕೊಂಡ ಆರ್‌ಎಕ್ಸ್ 100, ಇವೆಲ್ಲ ಕಾರ್ಬೊರೇಟರ್ ಗಾಡಿಗಳೇ. ಇನ್ನೂ ಎಷ್ಟೋ ವರ್ಷ ಓಡುತ್ತವೆ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಸ್ಕ್ರೂ ಡ್ರೈವರ್ ಒಂದು ಸಲ ಜಾರಿತು ಅಂದ್ರೆ ಅಲ್ಲೇ ಕೈ ಬಿಡಿ. ಎರಡನೇ ಸಲ ಅದೇ ಡ್ರೈವರ್ ಹಾಕಿ ಇನ್ನೂ ಜೋರಾಗಿ ತಿರುಗಿಸಬೇಡಿ. ಮೊದಲ ಸಲ ಜಾರಿದಾಗ ಸ್ಕ್ರೂ ತಲೆಯ ಅಂಚು ಸ್ವಲ್ಪ ಮಡಚಿರುತ್ತದೆ, ಅಷ್ಟೇ. ಅಲ್ಲಿಂದ ಸುಲಭವಾಗಿ ಬಿಚ್ಚಬಹುದು. ಮೂರನೇ ಸಲಕ್ಕೆ ಹಿಡಿಯೋಕೆ ಏನೂ ಉಳಿದಿರುವುದಿಲ್ಲ.

ಯಾಕೆ ಹೀಗೆ ಕಚ್ಚಿಕೊಳ್ಳುತ್ತದೆ

ಕಾರ್ಬೊರೇಟರ್ ಮೈ ಅಲ್ಯೂಮಿನಿಯಂದು, ಇಲ್ಲವೇ ಸತು ಬೆರೆಸಿದ ಎರಕದ್ದು. ಸ್ಕ್ರೂ ಉಕ್ಕಿನದು. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿದ್ದು, ನಡುವೆ ತೇವ ಸೇರಿದರೆ, ಅವುಗಳಲ್ಲಿ ಒಂದು, ಇಲ್ಲಿ ಕಾರ್ಬೊರೇಟರಿನ ಮೈ, ನಿಧಾನವಾಗಿ ತಿಂದುಹೋಗುತ್ತದೆ. ಹಳೆ ಸ್ಕ್ರೂ ಬಿಚ್ಚಿದಾಗ ಅದರ ಚೂಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡಿರಬೇಕಲ್ವಾ? ಅದೇ ಇದು. ಚೂಡಿ ಅಂದರೆ ಸ್ಕ್ರೂ ಮೈಮೇಲಿನ ಸುತ್ತು ಗೆರೆ, ಗ್ಯಾರೇಜಿನಲ್ಲಿ ತ್ರೆಡ್ ಅಂತಲೂ ಅನ್ನುತ್ತಾರೆ. ಆ ಪುಡಿ ಚೂಡಿ ಸಂದಿಯಲ್ಲಿ ಗಟ್ಟಿಯಾಗಿ ಕೂತು ಸ್ಕ್ರೂವನ್ನು ಹಿಡಿದುಕೊಳ್ಳುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ. 100 ಲೀಟರಿಗೆ 20 ಲೀಟರ್ ಎಥನಾಲ್ ಇರುವ ಇ-20 ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ, ಬಿಳಿ ಪುಡಿ ಬೇಗ ಕಟ್ಟುತ್ತದೆ.

ಜೊತೆಗೆ ನಮ್ಮ ಧೂಳು. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಗಾಡಿಯ ಕಾರ್ಬೊರೇಟರ್ ನೋಡಿ. ಸ್ಕ್ರೂ ತಲೆಯ ಪ್ಲಸ್ ಗುಂಡಿಯಲ್ಲಿ ಕೆಂಪು ಧೂಳು, ಎಣ್ಣೆ, ಪೆಟ್ರೋಲು ಸೇರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಡ್ರೈವರ್ ಇಟ್ಟರೆ ಅರ್ಧ ಆಳಕ್ಕೂ ಇಳಿಯುವುದಿಲ್ಲ. ಜಾರದೆ ಇನ್ನೇನು ಮಾಡುತ್ತದೆ?

ಏನೇನು ಬೇಕು

ಇವಿಷ್ಟನ್ನು ಮೊದಲೇ ಹತ್ತಿರ ಇಟ್ಟುಕೊಳ್ಳಿ: ದಬ್ಬಣ, ಹಳೆ ಹಲ್ಲುಜ್ಜುವ ಬ್ರಷ್, ಜೆಐಎಸ್ 2ನೇ ನಂಬರ್ ಸ್ಕ್ರೂ ಡ್ರೈವರ್, ತುಕ್ಕು ಬಿಡಿಸುವ ಸ್ಪ್ರೇ, ಸಣ್ಣ ಸುತ್ತಿಗೆ, ಲಾಕ್ ಆಗುವ ಪ್ಲೈಯರ್ (ವೈಸ್ ಗ್ರಿಪ್ ಅಂತ ಕೇಳಿದರೆ ಕೊಡುತ್ತಾರೆ), ವಾಲ್ವ್ ಉಜ್ಜುವ ಪೇಸ್ಟ್, ಹ್ಯಾಕ್ಸಾ ಬ್ಲೇಡ್, ಸೆಂಟರ್ ಪಂಚ್, ಒಂದು ಮರದ ಹಲಗೆ, ಕಣ್ಣಿಗೆ ಕನ್ನಡಕ. ಡ್ರಿಲ್ ಮಷೀನು ಎಲ್ಲರಿಗೂ ಬೇಕಾಗುವುದಿಲ್ಲ, ಆಮೇಲೆ ಹೇಳುತ್ತೇನೆ.

ಇದರಲ್ಲಿ ಜೆಐಎಸ್ ಡ್ರೈವರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿ ಎಡವಿದವರೇ ಜಾಸ್ತಿ.

ನಾವೆಲ್ಲ ಸ್ಟಾರ್ ಸ್ಕ್ರೂ ಡ್ರೈವರ್ ಅಂತ ಕರೆಯುವುದು ಸಾಮಾನ್ಯವಾಗಿ ಫಿಲಿಪ್ಸ್ ಮಾದರಿಯದು. ಮಿಕುನಿ, ಕೈಹಿನ್ ಎರಡೂ ಜಪಾನಿನ ಕಾರ್ಬೊರೇಟರ್ ಬ್ರ್ಯಾಂಡುಗಳು. ನಮ್ಮ ಬಹಳಷ್ಟು ಬೈಕುಗಳಲ್ಲಿ ಇರುವುದು ಅವರದೇ, ಇಲ್ಲವೇ ಅವರ ವಿನ್ಯಾಸದ್ದು. ಅವುಗಳಲ್ಲಿ ಬರುವುದು ಜಪಾನಿನ ಅಳತೆಯ ಸ್ಕ್ರೂ, ಅಂದರೆ ಜೆಐಎಸ್. ಕಣ್ಣಿಗೆ ಎರಡೂ ಒಂದೇ ಪ್ಲಸ್. ಆದರೆ ಫಿಲಿಪ್ಸ್ ಡ್ರೈವರಿನ ತುದಿ ಮೂಲೆಗಳಲ್ಲಿ ಸ್ವಲ್ಪ ದುಂಡಗಿರುತ್ತದೆ. ಜೆಐಎಸ್ ಗುಂಡಿಯಲ್ಲಿ ಅದು ತಳ ಮುಟ್ಟುವುದಿಲ್ಲ, ಮೇಲಿನ ಅಂಚಿನಲ್ಲೇ ಕಚ್ಚುತ್ತದೆ. ಜೋರು ಮಾಡಿದ ಕೂಡಲೇ ಮೇಲೆದ್ದು ಜಾರುತ್ತದೆ.

ಜೆಐಎಸ್ ಸ್ಕ್ರೂ ಗುರುತಿಸುವುದು ಹೇಗೆ? ಪ್ಲಸ್ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಒಂದು ಚುಕ್ಕಿ ಇರುತ್ತದೆ. ಎಲ್ಲದರಲ್ಲೂ ಇರಲೇಬೇಕು ಅಂತಿಲ್ಲ. ಅದಕ್ಕಿಂತ ಸುಲಭದ ಪರೀಕ್ಷೆ ಇದೆ. ಕಾರ್ಬೊರೇಟರನ್ನು ಬೋರಲು ಮಾಡಿ, ಶುಚಿ ಮಾಡಿದ ಸ್ಕ್ರೂ ತಲೆಯಲ್ಲಿ ಡ್ರೈವರ್ ನಿಲ್ಲಿಸಿ ಕೈ ಬಿಡಿ. ಅಳತೆ ಸರಿ ಇದ್ದರೆ ಅದು ನೆಟ್ಟಗೆ ನಿಲ್ಲುತ್ತದೆ, ಅಲ್ಲಾಡಿಸಿದರೆ ಆಟ ಇರುವುದಿಲ್ಲ. ವಾಲಿ ಬಿದ್ದರೆ ಅದು ಆ ಸ್ಕ್ರೂವಿನ ಡ್ರೈವರ್ ಅಲ್ಲ. ಬಟ್ಟಲಿಗೆ ಬರುವ 4 ಮತ್ತು 5 ಮಿ.ಮೀ. ಸ್ಕ್ರೂಗಳಿಗೆ 2ನೇ ನಂಬರೇ ಸರಿ. ಜೆಐಎಸ್ ಡ್ರೈವರ್ ನಮ್ಮ ಊರಿನ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಿ. ಇದೊಂದಕ್ಕೆ ದುಡ್ಡು ಹಾಕಿದರೆ ಸಾಕು, ಮುಂದಿನ ಅರ್ಧ ಹಂತಗಳು ನಿಮಗೆ ಬೇಕಾಗುವುದೇ ಇಲ್ಲ.

ಹಂತ 1: ಕಾರ್ಬೊರೇಟರನ್ನು ಗಾಡಿಯಿಂದ ಹೊರಗೆ ತೆಗೆಯಿರಿ

ಗಾಡಿಯಲ್ಲೇ ಇಟ್ಟು, ಸಂದಿಯಲ್ಲಿ ಕೈ ತೂರಿಸಿ, ಡ್ರೈವರ್ ಓರೆಯಾಗಿ ಹಿಡಿದು ತಿರುಗಿಸಬೇಡಿ. ತಲೆ ಸವೆಯುವುದು ಹೆಚ್ಚಾಗಿ ಹೀಗೇ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಪೈಪು ಎಳೆಯಿರಿ, ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಡ್ರೈನ್ ಸ್ಕ್ರೂವೇ ಬರದಿದ್ದರೆ ಬಿಡಿ, ಕಾರ್ಬೊರೇಟರ್ ಹೊರಬಂದ ಮೇಲೆ ತಲೆಕೆಳಗೆ ಮಾಡಿ ಸುರಿದರಾಯಿತು.

ಎಚ್ಚರ: ಪೆಟ್ರೋಲ್ ಆವಿ ಕಣ್ಣಿಗೆ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಇನ್ನೂ ಬೇಗ ಏಳುತ್ತದೆ. ಗಾಳಿಯಾಡುವ ಜಾಗದಲ್ಲಿ ಕೂರಿ. ಹತ್ತಿರ ಬೀಡಿ, ದೇವರ ದೀಪ, ಗ್ಯಾಸ್ ಒಲೆ ಯಾವುದೂ ಬೇಡ. ಅಡುಗೆ ಮನೆಗಂತೂ ತರಲೇಬೇಡಿ.

ಹಂತ 2: ಪ್ಲಸ್ ಗುಂಡಿಯನ್ನು ದಬ್ಬಣದಿಂದ ಕೆದಕಿ

ಚೀಲ ಹೊಲಿಯುವ ದಬ್ಬಣ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ. ಮೊದಲು ಬ್ರಷ್‌ಗೆ ಸ್ವಲ್ಪ ಡೀಸೆಲ್ ಹಚ್ಚಿ ಸ್ಕ್ರೂ ಸುತ್ತ ತಿಕ್ಕಿ. ಆಮೇಲೆ ದಬ್ಬಣದ ತುದಿಯನ್ನು ಪ್ಲಸ್ಸಿನ ನಾಲ್ಕು ಮೂಲೆಗೂ ಇಳಿಸಿ ಕೆದಕಿ. ಕೆಂಪು ಪುಡಿ ಹೊರಬರುತ್ತದೆ. ನಡುವಿನ ತಳದಲ್ಲಿ ಇನ್ನೊಂದು ಪದರ ಇರುತ್ತದೆ, ಅದನ್ನೂ ಬಿಡಬೇಡಿ. ತಳದಲ್ಲಿ ಲೋಹ ಮಿನುಗುವ ತನಕ ಕೆದಕಿ. ದಬ್ಬಣ ತಳಕ್ಕೆ ಮುಟ್ಟಿದಾಗ ಕಿರ್ ಅಂತ ಶಬ್ದವೇ ಬೇರೆಯಾಗುತ್ತದೆ, ಕೈಗೆ ತಿಳಿಯುತ್ತದೆ. ಸ್ಕ್ರೂವಿಗೆ ಒಂದೆರಡು ನಿಮಿಷ ಸಾಕು.

ಹಂತ 3: ಎಣ್ಣೆ ಹಾಕಿ, ಕಾಯಿರಿ

ತುಕ್ಕು ಬಿಡಿಸುವ ಸ್ಪ್ರೇಯನ್ನು ಸ್ಕ್ರೂ ತಲೆಯ ಬುಡಕ್ಕೆ ಹಾಕಿ. ತೂತು ಆರುಪಾರಾಗಿದ್ದರೆ, ಸ್ಕ್ರೂ ತುದಿ ಹೊರಗೆ ಕಾಣುತ್ತದೆ, ಅಲ್ಲಿಗೂ ಹಾಕಿ. ಹಾಕಿದ ಐದು ನಿಮಿಷಕ್ಕೆ ತಿರುಗಿಸಿದರೆ ಏನೂ ಪ್ರಯೋಜನ ಇಲ್ಲ. ರಾತ್ರಿ ಹಾಕಿ, ಬೆಳಿಗ್ಗೆ ಮತ್ತೆ ಒಂದು ಸಲ ಹಾಕಿ, ಮಧ್ಯಾಹ್ನ ಕೈ ಹಚ್ಚಿ. ನಡುವೆ ಒಂದೆರಡು ಸಲ ಡ್ರೈವರನ್ನು ತಲೆಯಲ್ಲಿ ನಿಲ್ಲಿಸಿ ಹಿಡಿಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆ ಅದುರಿಗೆ ಬಿಳಿ ಪುಡಿ ಬಿರಿದು ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ. ಅದೇ ತಟ್ಟುವಿಕೆಗೆ ಡ್ರೈವರಿನ ತುದಿಯೂ ಗುಂಡಿಯಲ್ಲಿ ಚೆನ್ನಾಗಿ ಕೂರುತ್ತದೆ.

"ಬಿಸಿಲಿಗೆ ಇಡಬಹುದಾ?" ಅಂತ ಕೇಳುವವರಿದ್ದಾರೆ. ಪೆಟ್ರೋಲ್ ಪೂರ್ತಿ ಸುರಿದು, ಒಣಗಿಸಿ, ಎಣ್ಣೆ ಹಾಕಿದ ಕಾರ್ಬೊರೇಟರನ್ನು ತಗಡಿನ ಮೇಲೆ ಬಿಸಿಲಿಗೆ ಇಟ್ಟರೆ ಎಣ್ಣೆ ತೆಳ್ಳಗಾಗಿ ಚೆನ್ನಾಗಿ ಇಳಿಯುತ್ತದೆ. ಅಷ್ಟು ಉಪಕಾರ ನಮ್ಮ ಬಿಸಿಲು ಮಾಡುತ್ತದೆ. ಸ್ಕ್ರೂ ಸಡಿಲಾಗುವಷ್ಟು ಕಾವು ಮಾತ್ರ ಅದರಿಂದ ಬರುವುದಿಲ್ಲ. ಅದಕ್ಕೆ ಮುಂದಿನ ಹಂತ.

ಹಂತ 4: ಬಿಸಿನೀರು

ಕಾವು ಕೊಟ್ಟರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ಸ್ಕ್ರೂ ದಪ್ಪಗಾಗುವುದಕ್ಕಿಂತ ತೂತು ಜಾಸ್ತಿ ಅಗಲವಾಗುತ್ತದೆ. 4 ಮಿ.ಮೀ. ಸ್ಕ್ರೂ 30 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಈ ವ್ಯತ್ಯಾಸ ಸುಮಾರು 3 ಮೈಕ್ರಾನ್, ತಲೆಗೂದಲಿನ ದಪ್ಪದಲ್ಲಿ ಎಷ್ಟೋ ಪಾಲು ಕಮ್ಮಿ. ಇಷ್ಟಕ್ಕೇನು ಆಗುತ್ತೆ ಅನ್ನಬೇಡಿ. ಗಟ್ಟಿಯಾಗಿ ಕೂತ ಪುಡಿ ಬಿರುಕು ಬಿಡೋಕೆ ಅಷ್ಟು ಸಾಕು.

ಪೆಟ್ರೋಲಿನ ಹನಿಯೂ ಇಲ್ಲದಂತೆ ತೊಳೆದು ಒಣಗಿಸಿ. ಬಿಚ್ಚಲು ಬರುವ ರಬ್ಬರ್, ಪ್ಲಾಸ್ಟಿಕ್ ಭಾಗ ತೆಗೆದಿಡಿ. ಒಂದು ಹಳೆ ಪಾತ್ರೆಯಲ್ಲಿ ಕುದಿಯುವ ನೀರು ತಂದು, ಒಲೆಯಿಂದ ದೂರ, ಹೊರಗಡೆ, ಅದರಲ್ಲಿ ಕಾರ್ಬೊರೇಟರ್ ಮುಳುಗಿಸಿ. ಐದು ನಿಮಿಷ ಬಿಟ್ಟು ಇಕ್ಕಳದಲ್ಲಿ ಹೊರಗೆ ತೆಗೆದು, ದಪ್ಪ ಬಟ್ಟೆಯಲ್ಲಿ ಹಿಡಿದು, ಬಿಸಿ ಇರುವಾಗಲೇ ತಿರುಗಿಸಿ. ಒಂದೇ ಸಲಕ್ಕೆ ಬರದಿದ್ದರೆ ತಣ್ಣಗಾಗಲು ಬಿಡಿ, ಎಣ್ಣೆ ಹಾಕಿ, ಮತ್ತೆ ಮುಳುಗಿಸಿ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಹಿಡಿತ ಬಿಡುತ್ತದೆ.

ಮೊಬೈಲ್ ರಿಪೇರಿಯವರ ಸೋಲ್ಡರಿಂಗ್ ಐರನ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ತುದಿಯನ್ನು ಆ ಒಂದೇ ಸ್ಕ್ರೂವಿನ ತಲೆಗೆ ಎರಡು ಮೂರು ನಿಮಿಷ ಒತ್ತಿಟ್ಟರೆ ಕಾವು ನೇರವಾಗಿ ಚೂಡಿಗೆ ಇಳಿಯುತ್ತದೆ. ಆದರೆ ಸ್ಪ್ರೇ ಹಾಕಿದ್ದರೆ ಪೂರ್ತಿ ಒರೆಸಿ, ಒಣಗಿದ ಮೇಲೆಯೇ ಇದನ್ನು ಮಾಡಿ.

ಎಚ್ಚರ: ಗ್ಯಾಸ್ ಬರ್ನರ್, ಬ್ಲೋ ಟಾರ್ಚ್ ಹಿಡಿಯಬೇಡಿ. ಸತು ಎರಕ 400 ಡಿಗ್ರಿಗೆ ಮುಂಚೆಯೇ ಕರಗುತ್ತದೆ. ಬೆಂಕಿಯ ಮುಂದೆ ಕ್ಷಣದಲ್ಲಿ ಮೂಲೆ ಇಳಿದುಹೋಗುತ್ತದೆ. ಒಳಗೆ ಪೆಟ್ರೋಲ್ ಉಳಿದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಹಂತ 5: ಮೊದಲು ಬಿಗಿ ಮಾಡಿ, ಆಮೇಲೆ ಬಿಚ್ಚಿ

ಕಾರ್ಬೊರೇಟರನ್ನು ಮರದ ಹಲಗೆಯ ಮೇಲೆ ಇಡಿ. ಡ್ರೈವರ್ ನೆಟ್ಟಗೆ ನಿಲ್ಲಿಸಿ, ಅಂಗೈಯನ್ನು ಹಿಡಿಯ ಮೇಲಿಟ್ಟು ಮೈಭಾರ ಬಿಡಿ. ಬಲದಲ್ಲಿ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಮೊದಲು ಬಿಗಿಯಾಗುವ ಕಡೆಗೆ ಒಂದು ಕೂದಲಷ್ಟು ತಿರುಗಿಸಲು ನೋಡಿ. ಆಮೇಲೆ ಬಿಚ್ಚುವ ಕಡೆ. ಹಿಡಿತ ಬಿಟ್ಟಾಗ ಟಕ್ ಅಂತ ಸಣ್ಣ ಶಬ್ದ ಬರುತ್ತದೆ. ಆ ಶಬ್ದ ಬಂದರೆ ಗೆದ್ದಂತೆಯೇ. ಬಂದ ಮೇಲೂ ಒಂದೇ ಸಮ ಎಳೆಯಬೇಡಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಹಾಕಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಪುಡಿ ಚೂಡಿಯಲ್ಲಿ ಸಿಕ್ಕಿಕೊಂಡು ಸ್ಕ್ರೂ ನಡುವೆಯೇ ಮುರಿಯುವುದು ಇದರಿಂದ ತಪ್ಪುತ್ತದೆ.

ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಬಹುದಾ? ಇಂಜಿನ್ ಕವರಿನ 6 ಮಿ.ಮೀ. ಸ್ಕ್ರೂಗಳಿಗೆ ಅದು ತುಂಬಾ ಒಳ್ಳೆಯದು. ಕಾರ್ಬೊರೇಟರಿನ 4 ಮಿ.ಮೀ. ಸ್ಕ್ರೂ ಮೇಲೆ ಸಣ್ಣ ಸುತ್ತಿಗೆಯಿಂದ, ಕೆಳಗೆ ಹಲಗೆ ಇಟ್ಟು, ಮೆಲ್ಲಗೆ ಮಾತ್ರ. ಸ್ಕ್ರೂ ಕೂರುವ ಕಿವಿಗಳು ತೆಳ್ಳಗಿರುತ್ತವೆ. ಒಂದು ಜೋರು ಏಟಿಗೆ ಕಿವಿಯೇ ಹಾರಿಹೋಗುತ್ತದೆ.

ಇನ್ನೊಂದು ಎಚ್ಚರ, ಇದು ಜೀವಕ್ಕೆ ಸಂಬಂಧಿಸಿದ್ದು. ಕಾರ್ಬೊರೇಟರಿನ ನಡುಮೈಯನ್ನು ಬೆಂಚಿನ ವೈಸ್‌ನಲ್ಲಿ ಸಿಕ್ಕಿಸಿ ಬಿಗಿ ಮಾಡಬೇಡಿ. ಒಳಗೆ ಸ್ಲೈಡ್ ಓಡಾಡುವ ಕೊಳವೆ ಇದೆ. ಸ್ಲೈಡ್ ಅಂದರೆ ಆಕ್ಸಿಲೇಟರ್ ತಿರುಗಿಸಿದಾಗ ಮೇಲೇಳುವ ಉರುಳೆ. ಕೊಳವೆ ಸ್ವಲ್ಪ ಅಮುಕಿ ಮೊಟ್ಟೆಯಾಕಾರಕ್ಕೆ ಬಂದರೂ ಸ್ಲೈಡ್ ಮೇಲೆದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಓಡುವ ಗಾಡಿಯಲ್ಲಿ ಆಕ್ಸಿಲೇಟರ್ ವಾಪಸ್ ಬರದಿದ್ದರೆ ಹೇಗಿರುತ್ತದೆ, ಯೋಚಿಸಿ.

ಹಂತ 6: ತಲೆ ಸವೆದೇ ಹೋಗಿದ್ದರೆ

ಇಲ್ಲಿಂದ ಮುಂದಿನದು ಆಗಲೇ ಕೆಟ್ಟ ಸ್ಕ್ರೂಗಳಿಗೆ. ಎಣ್ಣೆ, ಬಿಸಿನೀರು ಇವಕ್ಕೂ ಬೇಕು, ಅದನ್ನು ಬಿಟ್ಟು ನೇರ ಇಲ್ಲಿಗೆ ಜಿಗಿಯಬೇಡಿ. ಕೆಳಗಿನ ಉಪಾಯಗಳನ್ನು ಬರೆದಿರುವ ಸಾಲಿನಲ್ಲೇ ಮಾಡುತ್ತಾ ಹೋಗಿ.

ಸ್ವಲ್ಪ ಮಾತ್ರ ಸವೆದಿದ್ದರೆ ವಾಲ್ವ್ ಉಜ್ಜುವ ಪೇಸ್ಟ್. ಇಂಜಿನ್ ಹೆಡ್ ಕೆಲಸದವರು ವಾಲ್ವ್ ಕೂರಿಸಲು ಬಳಸುವ, ಮರಳು ಮರಳಾಗಿರುವ ಪೇಸ್ಟ್ ಇದು. ಸಣ್ಣ ಡಬ್ಬಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸ್ಕ್ರೂ ತಲೆಯ ಎಣ್ಣೆ ಒರೆಸಿ, ಡ್ರೈವರ್ ತುದಿಗೆ ಅವರೆಕಾಳಿನಷ್ಟು ಹಚ್ಚಿ ಒತ್ತಿ ತಿರುಗಿಸಿ. ಮರಳು ಎರಡು ಲೋಹದ ನಡುವೆ ಕಚ್ಚಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಮರದ ಬಾಗಿಲಿನ ಸಡಿಲ ಸ್ಕ್ರೂವಿಗೆ ಅದು ಸರಿ. ಕಚ್ಚಿಕೊಂಡ ಕಾರ್ಬೊರೇಟರ್ ಸ್ಕ್ರೂ ಅದರಿಂದ ಬಂದದ್ದನ್ನು ನಾನು ನೋಡಿಲ್ಲ.

ಪ್ಲಸ್ ಪೂರ್ತಿ ಗುಂಡಿಯಾಗಿದ್ದರೆ ಲಾಕ್ ಆಗುವ ಪ್ಲೈಯರ್. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಬಟ್ಟಲಿನ ಸ್ಕ್ರೂ ತಲೆ ಸಾಮಾನ್ಯವಾಗಿ ಮೇಲೆದ್ದಿರುತ್ತದೆ, ಬದಿಯಿಂದ ಹಿಡಿಯಲು ಜಾಗ ಇರುತ್ತದೆ. ಎಣ್ಣೆ ಒರೆಸಿ, ಪ್ಲೈಯರಿನ ಬಾಯನ್ನು ಹಿಂದಿನ ತಿರುಪಿನಿಂದ ಹೊಂದಿಸಿ, ತಲೆಯ ಎರಡು ಬದಿಗೆ ಟಕ್ಕನೆ ಲಾಕ್ ಆಗುವ ಹಾಗೆ ಕಚ್ಚಿಸಿ. ಲಾಕ್ ಮಾಡಲು ಕೈ ಸ್ವಲ್ಪ ನೋಯುವಷ್ಟು ಬಿಗಿ ಬೇಕು. ಆಮೇಲೆ ಮೆಲ್ಲಗೆ ತಿರುಗಿಸಿ. ಮೊದಲ ಕಾಲು ಸುತ್ತು ಬಂದರೆ ಉಳಿದದ್ದು ಬೆರಳಲ್ಲೇ ಬರುತ್ತದೆ. ಮಾಮೂಲಿ ಕಟಿಂಗ್ ಪ್ಲೈಯರಿನಿಂದ ಮಾತ್ರ ಪ್ರಯತ್ನಿಸಬೇಡಿ, ಅದು ಜಾರಿ ತಲೆಯ ಬದಿಯನ್ನೂ ದುಂಡಗೆ ಮಾಡುತ್ತದೆ.

ಬದಿಯಿಂದ ಹಿಡಿಯಲು ಜಾಗವಿಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಅಡ್ಡಗೆರೆ ಕೊಯ್ದು, ದಪ್ಪ ಫ್ಲಾಟ್ ಡ್ರೈವರ್ ಹಾಕಿ ತಿರುಗಿಸಿ. ಬ್ಲೇಡ್ ಪಕ್ಕದ ಮೈಗೆ ತಾಗದಂತೆ ಸುತ್ತಲೂ ಟೇಪ್ ಹಚ್ಚಿಕೊಳ್ಳಿ. ಬ್ಲೇಡಿಗೂ ಜಾಗವಿಲ್ಲವಾ? ತಲೆಯ ಅಂಚಿನಲ್ಲಿ ಸೆಂಟರ್ ಪಂಚಿನಿಂದ ಒಂದು ಗುಳಿ ಮಾಡಿ, ಅದೇ ಗುಳಿಯಲ್ಲಿ ಪಂಚನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸಣ್ಣ ಸಣ್ಣ ಏಟು ಹಾಕಿ.

ಹಂತ 7: ಕೊನೆಯ ದಾರಿ, ಡ್ರಿಲ್

ಇದಕ್ಕೆ ಬರುವ ಮುಂಚೆ ಒಂದು ದಿನ ಬಿಡಿ. ನಿಜವಾಗಿಯೂ ಹೇಳುತ್ತಿದ್ದೇನೆ. ಬೇಸರದ ಕೈಯಲ್ಲಿ ಡ್ರಿಲ್ ಹಿಡಿಯಬಾರದು.

ಉಪಾಯ ಸರಳ. ಸ್ಕ್ರೂವನ್ನು ಪೂರ್ತಿ ಕೊರೆಯುವುದಲ್ಲ, ತಲೆಯನ್ನು ಮಾತ್ರ ಹಾರಿಸುವುದು. 4 ಮಿ.ಮೀ. ಸ್ಕ್ರೂವಿಗೆ 4 ಮಿ.ಮೀ. ಬಿಟ್ ತಗೊಳ್ಳಿ. ಸವೆದ ಪ್ಲಸ್ಸಿನ ಗುಂಡಿಯೇ ಬಿಟ್ಟನ್ನು ನಡುವಿಗೆ ಕರೆದೊಯ್ಯುತ್ತದೆ. ನಿಧಾನದ ವೇಗದಲ್ಲಿ, ನೆಟ್ಟಗೆ, ತಲೆಯ ದಪ್ಪದಷ್ಟು ಮಾತ್ರ ಕೊರೆಯಿರಿ. ತಲೆ ಉಂಗುರದ ಹಾಗೆ ಬಿಟ್ಟಿನ ಮೇಲೆ ಎದ್ದು ಬರುತ್ತದೆ. ತಲೆಯ ಒತ್ತಡ ಹೋದ ಕೂಡಲೇ ಚೂಡಿಯ ಬಿಗಿಯೂ ಅರ್ಧ ಇಳಿಯುತ್ತದೆ. ಬಟ್ಟಲನ್ನು ಎತ್ತಿ ತೆಗೆದರೆ ಸ್ಕ್ರೂವಿನ ಉಳಿದ ಭಾಗ ಗೂಟದ ಹಾಗೆ ನಿಂತಿರುತ್ತದೆ. ಅದನ್ನು ಲಾಕ್ ಪ್ಲೈಯರಿನಲ್ಲಿ ಕಚ್ಚಿ, ಎಣ್ಣೆ, ಕಾವು ಕೊಟ್ಟು ತಿರುಗಿಸಿ.

ಬಟ್ಟಲು, ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್‌ಗೆ ಅಂಟಿಕೊಂಡು ಬರದಿದ್ದರೆ ಸಂದಿಗೆ ಫ್ಲಾಟ್ ಡ್ರೈವರ್ ತೂರಿಸಿ ಮೀಟಬೇಡಿ. ಆ ಮುಖದ ಮೇಲೆ ಒಂದು ಗೀರು ಬಿದ್ದರೂ ಪೆಟ್ರೋಲ್ ಸೋರುತ್ತದೆ. ಸುತ್ತಿಗೆಯ ಮರದ ಹಿಡಿಯಿಂದ ಬದಿಗೆ ತಟ್ಟಿ.

ಈಗ ಈಸಿ ಔಟ್ ಬಗ್ಗೆ. ಮುರಿದ ಸ್ಕ್ರೂವಿನಲ್ಲಿ ತೂತು ಕೊರೆದು, ಒಳಗೆ ಹಾಕಿ ಉಲ್ಟಾ ತಿರುಗಿಸಿ ಎಳೆಯುವ ಚೂಪು ಸಾಮಾನು ಇದು. ದೊಡ್ಡ ಬೋಲ್ಟಿಗೆ ಸರಿ. 4 ಮಿ.ಮೀ. ಸ್ಕ್ರೂವಿಗೆ ಬೇಡ. ಅಷ್ಟು ಸಣ್ಣ ಈಸಿ ಔಟ್ ತೆಳ್ಳಗಿರುತ್ತದೆ, ಗಟ್ಟಿ ಉಕ್ಕಿನದಾದ್ದರಿಂದ ಬಾಗದೆ ಪಟ್ ಅಂತ ಮುರಿಯುತ್ತದೆ. ನನ್ನ ಆರ್‌ಎಕ್ಸ್ ಕಾರ್ಬೊರೇಟರಿನಲ್ಲಿ ಹೀಗೆ ಮುರಿದು ಉಳಿಯಿತು. ಆಮೇಲೆ ಯಾವ ಬಿಟ್ಟೂ ಅದನ್ನು ಕೊರೆಯಲಿಲ್ಲ, ಆ ಬಾಡಿಯನ್ನೇ ಬಿಡಬೇಕಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸ್ಕ್ರೂ ಮೈಗೆ ಸಮನಾಗಿ ಮುರಿದು, ಹಿಡಿಯಲು ಏನೂ ಉಳಿದಿಲ್ಲವಾದರೆ ಲೇತ್ ಅಂಗಡಿಗೆ ಒಯ್ಯಿರಿ. ಅಲ್ಲಿ ನಿಲ್ಲಿಸಿ ಕೊರೆಯುವ ಡ್ರಿಲ್ ಇರುತ್ತದೆ, ನಮ್ಮ ಕೈಗಿಂತ ನೆಟ್ಟಗೆ ಹೋಗುತ್ತದೆ. ಕೇಳುವಾಗ ಅಳತೆ ಹೇಳಿ: "3.3 ಮಿ.ಮೀ. ಬಿಟ್ಟಲ್ಲಿ ಕೊರೆದು, 4 ಮಿ.ಮೀ., 0.7 ಪಿಚ್ ಟ್ಯಾಪ್ ಹೊಡೀರಿ." ಪಿಚ್ ಅಂದರೆ ಎರಡು ಚೂಡಿ ಗೆರೆಗಳ ನಡುವಿನ ದೂರ. ಟ್ಯಾಪ್ ಅಂದರೆ ತೂತಿನೊಳಗೆ ಹೊಸ ಚೂಡಿ ಕೊಯ್ಯುವ ಸಾಮಾನು. ಹಳೆ ಚೂಡಿ ಪೂರ್ತಿ ಹಾಳಾಗಿದ್ದು, ಸುತ್ತ ಸಾಕಷ್ಟು ದಪ್ಪ ಇದ್ದರೆ 4.2 ಮಿ.ಮೀ. ಕೊರೆದು 5 ಮಿ.ಮೀ. ಚೂಡಿ ಹಾಕಿಸಬಹುದು. ಆಗ ಬಟ್ಟಲಿನ ತೂತನ್ನೂ ಅಷ್ಟು ಅಗಲ ಮಾಡಿಸಬೇಕು, ಮರೆಯಬೇಡಿ.

ಕೊರೆದ ಮೇಲೆ ಲೋಹದ ಪುಡಿ ಎಲ್ಲ ಸಂದಿಗೂ ಹೋಗಿರುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತು ಮುಚ್ಚಲು ಒಂದು ಚೂರು ಸಾಕು. ಪೆಟ್ರೋಲಿನಲ್ಲಿ ತೊಳೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಬನ್ನಿ. ಗಾಳಿ ಹೊಡೆಯುವ ಮುಂಚೆ ಫ್ಲೋಟ್, ಅಂದರೆ ಬಟ್ಟಲಿನಲ್ಲಿ ತೇಲುವ ಭಾಗ, ತೆಗೆದಿರಿ.

ಬೇರೆ ಕಡೆಯ ಸ್ಕ್ರೂಗಳು

ಹಿತ್ತಾಳೆ ಜೆಟ್‌ಗಳು: ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತಿರುಪುಗಳು. ಹಿತ್ತಾಳೆ ಮೆತ್ತಗೆ. ಸಣ್ಣ ಡ್ರೈವರ್ ಹಾಕಿದರೆ ಗೆರೆಯ ಎರಡೂ ಬದಿ ಕಿತ್ತುಹೋಗುತ್ತದೆ. ಗೆರೆಯ ಪೂರ್ತಿ ಅಗಲ ತುಂಬುವ ಫ್ಲಾಟ್ ಡ್ರೈವರನ್ನೇ ಹಾಕಿ, ಇಲ್ಲದಿದ್ದರೆ ಹಳೆಯದೊಂದನ್ನು ಕಲ್ಲಿನಲ್ಲಿ ಉಜ್ಜಿ ಅಳತೆಗೆ ತನ್ನಿ.

ಏರ್ ಸ್ಕ್ರೂ: ಗಾಳಿ ಎಷ್ಟು ಬೇಕೆಂದು ಹೊಂದಿಸುವ ಸ್ಕ್ರೂ. ಬಿಚ್ಚುವ ಮುಂಚೆ ಒಳಗಡೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಮೆಲ್ಲಗೆ ಕೂರುತ್ತದೆ ಅಂತ ಎಣಿಸಿ ಬರೆದಿಡಿ. ವಾಪಸ್ ಹಾಕುವಾಗ ಮೊದಲು ಮೆಲ್ಲಗೆ ಕೂರಿಸಿ, ಅಷ್ಟೇ ಸುತ್ತು ಹೊರಗೆ ಬಿಡಬೇಕು.

ಬಟರ್‌ಫ್ಲೈ ಸ್ಕ್ರೂಗಳು: ಕೆಲವು ಕಾರ್ಬೊರೇಟರಿನ ಬಾಯಲ್ಲಿ ತಿರುಗುವ ತಗಡಿನ ಎರಡು ಸಣ್ಣ ಸ್ಕ್ರೂ. ಇವನ್ನು ಮುಟ್ಟಬೇಡಿ. ಕಳಚಿ ಇಂಜಿನ್ನಿನೊಳಗೆ ಬೀಳಬಾರದು ಅಂತ ಕಂಪನಿಯಲ್ಲೇ ತುದಿ ಜಜ್ಜಿರುತ್ತಾರೆ. ಬಿಚ್ಚಲು ಹೋದರೆ ಮುರಿಯುತ್ತವೆ.

ಇಂಜಿನ್ ಕಡೆಯ 6 ಮಿ.ಮೀ. ಅಲೆನ್ ಬೋಲ್ಟು: ಒಳಗಿನ ಆರು ಮೂಲೆ ಸವೆದಿದ್ದರೆ ಟಿ-30 ಟಾರ್ಕ್ಸ್ ಬಿಟ್ಟನ್ನು ಸುತ್ತಿಗೆಯಿಂದ ಒಳಗೆ ಬಡಿದು ತಿರುಗಿಸಿ. ಆರು ಮೂಲೆಯ ನಕ್ಷತ್ರದಂಥ ಬಿಟ್ ಅದು. 5 ಮಿ.ಮೀ. ಅಲೆನ್ ಗುಂಡಿಗಿಂತ ಸ್ವಲ್ಪ ದಪ್ಪ, ಹೊಸದಾಗಿ ಕಚ್ಚಿಕೊಳ್ಳುತ್ತದೆ.

ಹಂತ 8: ಹೊಸ ಸ್ಕ್ರೂ ಹಾಕುವುದು

ಹಳೆಯ ಸ್ಕ್ರೂ ಮತ್ತೆ ಹಾಕಬೇಡಿ. ಸ್ಟೇನ್‌ಲೆಸ್ ಅಲೆನ್ ಸ್ಕ್ರೂ ತನ್ನಿ. ಹಳೆಯದನ್ನು ಅಂಗಡಿಗೆ ಒಯ್ದು ಉದ್ದ ಹೊಂದಿಸಿ, ಸುಮ್ನೆ ಅಂದಾಜಿನ ಮೇಲೆ ತರಬೇಡಿ. ಉದ್ದ ಜಾಸ್ತಿಯಾದರೆ ತೂತಿನ ತಳಕ್ಕೆ ಒತ್ತಿ ಕಿವಿ ಸೀಳುತ್ತದೆ. ಕಮ್ಮಿಯಾದರೆ ಎರಡೇ ಚೂಡಿ ಹಿಡಿದು ಕಿತ್ತುಬರುತ್ತದೆ. 4 ಮಿ.ಮೀ. ಸ್ಕ್ರೂ ಮೈಯೊಳಗೆ 6 ಮಿ.ಮೀ. ಆದರೂ ಇಳಿದಿರಬೇಕು.

ಸ್ಟೇನ್‌ಲೆಸ್ ಹಾಕಿದರೆ ಇನ್ನು ಕಚ್ಚಿಕೊಳ್ಳುವುದಿಲ್ಲ ಅನ್ನುವುದು ತಪ್ಪು. ಅದೂ ಅಲ್ಯೂಮಿನಿಯಂ ಜೊತೆ ಬಿಳಿ ಪುಡಿ ಕಟ್ಟುತ್ತದೆ. ಚೂಡಿಗೆ ಕಾಪರ್ ಗ್ರೀಸ್ ಬೆಂಕಿಕಡ್ಡಿಯ ತುದಿಯಷ್ಟು ಸವರಿ. ನಾಲ್ಕನ್ನೂ ಬೆರಳಲ್ಲಿ ಕೂರಿಸಿ, ಎದುರು ಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ.

ಅಲೆನ್ ಕೀ ಹಿಡಿಯುವ ರೀತಿ ಗಮನಿಸಿ. ಉದ್ದನೆಯ ಕಾಲು ಸ್ಕ್ರೂವಿನೊಳಗೆ, ಗಿಡ್ಡ ಕಾಲು ಎರಡು ಬೆರಳಿನ ನಡುವೆ. ಹೀಗೆ ಹಿಡಿದರೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಲು ಆಗುವುದೇ ಇಲ್ಲ. ಗ್ಯಾಸ್ಕೆಟ್ ಅಮುಕಿ ಕೀ ನಿಂತ ಕೂಡಲೇ ನಿಲ್ಲಿಸಿ. ಸೋರುತ್ತಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ. ಸೋರಿಕೆ ನಿಲ್ಲಿಸಲು ಬಿಗಿ ಮಾಡುತ್ತಾ ಹೋದರೆ ಚೂಡಿ ಹೋಗುತ್ತದೆ, ಇವತ್ತಿನ ಕೆಲಸವೆಲ್ಲ ಮತ್ತೆ ಮೊದಲಿಂದ.

ಕಾರ್ಬೊರೇಟರ್ ಗಾಡಿಗೆ ಹಾಕಿ, ಪೆಟ್ರೋಲ್ ಕಾಕ್ ತೆರೆದು, ಸ್ಟಾರ್ಟ್ ಮಾಡದೆ ಹತ್ತು ನಿಮಿಷ ಬಿಡಿ. ಕೆಳಗೆ ಒಂದು ಹಳೆ ಪೇಪರ್ ಹಾಸಿ. ಬಟ್ಟಲಿನ ಅಂಚಿನ ಸುತ್ತ ಒಣ ಬೆರಳು ಆಡಿಸಿ, ಮೂಗಿಗೆ ಹಿಡಿದು ನೋಡಿ. ಪೇಪರ್ ಒಣಗಿದ್ದು, ಬೆರಳಿಗೆ ವಾಸನೆ ಇಲ್ಲದಿದ್ದರೆ ಕಿಕ್ ಹೊಡೆಯಿರಿ. ಒಂದು ಸುತ್ತು ಹೋಗಿ ಬಂದು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದೇ ರೀತಿ ಗಿಡ್ಡ ಕಾಲು ಹಿಡಿದು ನಾಲ್ಕು ಸ್ಕ್ರೂವನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಹೊಸ ಗ್ಯಾಸ್ಕೆಟ್ ಮೊದಲ ಕಾವಿಗೆ ಸ್ವಲ್ಪ ಕೂರುತ್ತದೆ, ಒಂದೆರಡು ಸ್ಕ್ರೂ ಕೂದಲಷ್ಟು ತಿರುಗಬಹುದು.